ಕಸಿ ಮಾಡಿದ ಕಿಡ್ನಿ ಎಷ್ಟು ವರ್ಷ ಬರುತ್ತದೆ?

ಕಿಡ್ನಿ ಕಸಿಗೆ ಓಡಾಡುವ ಮನೆಯವರೆಲ್ಲ ಕೇಳುವ ಪ್ರಶ್ನೆ ಇದು. ಒಬ್ಬ ಡಾಕ್ಟರು ಹತ್ತು ವರ್ಷ ಎನ್ನುತ್ತಾರೆ, ಇನ್ನೊಬ್ಬರು ಇಪ್ಪತ್ತು ಎನ್ನುತ್ತಾರೆ. ಪಕ್ಕದ ಬೆಡ್ಡಿನವರ ನೆಂಟರಿಗೆ ಮೂರೇ ವರ್ಷಕ್ಕೆ ಹೋಯಿತಂತೆ. ಯಾರೂ ಸುಳ್ಳು ಹೇಳುತ್ತಿಲ್ಲ. ಈ ಪ್ರಶ್ನೆಗೆ ಸಂಶೋಧಕರ ಉತ್ತರವೇ ಕಳೆದ ಎಪ್ಪತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ.

1954ರ ಡಿಸೆಂಬರ್ 23ರಂದು ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರಿ ತಂಡ ಅವಳಿ ಸಹೋದರರ ನಡುವೆ ಕಸಿ ಮಾಡಿತು. ಇಬ್ಬರೂ ತದ್ರೂಪಿಗಳು, ಹಾಗಾಗಿ ದೇಹ ಆ ಕಿಡ್ನಿಯನ್ನು ಪರರದ್ದು ಎಂದು ತಳ್ಳಲಿಲ್ಲ. ರೋಗಿ ಎಂಟು ವರ್ಷ ಬದುಕಿದರು. ಅವಳಿ ಇಲ್ಲದವರಿಗೆ 1960ರ ದಶಕದಲ್ಲಿ, ದೇಹ ಕಿಡ್ನಿಯನ್ನು ತಳ್ಳದಂತೆ ತಡೆಯುವ ಔಷಧಗಳಾದ ಅಜಥಯೋಪ್ರಿನ್ ಮತ್ತು ಸ್ಟೀರಾಯ್ಡ್ ಬಂದವು. 1971ರಲ್ಲಿ ನಮ್ಮಲ್ಲೂ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ, ಕಸಿ ಯಶಸ್ವಿಯಾಯಿತು. 1983ರಲ್ಲಿ ಇಂಥದೇ ಇನ್ನೊಂದು ಔಷಧ ಸೈಕ್ಲೋಸ್ಪೋರಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಬಂದದ್ದು. ಆಮೇಲೆ ಬಂದ ಟ್ಯಾಕ್ರೋಲಿಮಸ್ ಜಪಾನಿನ ತ್ಸುಕುಬಾದ ಮಣ್ಣಿನದ್ದು. ಇವುಗಳಿಂದ ಮೊದಲ ವರ್ಷದ ಗೆಲುವು ಅರ್ಧದಿಂದ ನೂರಕ್ಕೆ ತೊಂಬತ್ತರ ಮೇಲೆ ಏರಿತು.

ಕೆಲಸ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ನಿಜವಾದ ತಲೆನೋವು ಶುರುವಾಗಿದ್ದು ಆಗ.

2004ರಲ್ಲಿ ಅಮೆರಿಕದ ದೊಡ್ಡ ಲೆಕ್ಕವೊಂದು ಹೊರಬಂತು. ಶುರುವಿನ ರಿಜೆಕ್ಷನ್, ಅಂದರೆ ದೇಹ ಕಿಡ್ನಿಯನ್ನು ತಳ್ಳುವುದು, ಗಣನೀಯವಾಗಿ ಇಳಿದಿದ್ದರೂ ದೀರ್ಘಕಾಲದಲ್ಲಿ ಕಿಡ್ನಿ ಉಳಿಯುವ ಪ್ರಮಾಣ ಹೆಚ್ಚಿರಲಿಲ್ಲ. ಏಕೆ? ಅದರ ಹಿಂದಿನ ವರ್ಷವಷ್ಟೇ ಸಿಡ್ನಿಯ ನ್ಯಾನ್ಕಿವೆಲ್ ತಂಡ ಒಂದು ಉತ್ತರ ಕೊಟ್ಟಿತ್ತು. ಅವರು 120 ರೋಗಿಗಳಿಗೆ ಹತ್ತು ವರ್ಷ ಮತ್ತೆ ಮತ್ತೆ ಬಯಾಪ್ಸಿ ಮಾಡಿದ್ದರು. ಹತ್ತು ವರ್ಷ ಆಗುವಷ್ಟರಲ್ಲಿ ಬಹುತೇಕ ಎಲ್ಲರ ಕಿಡ್ನಿಯಲ್ಲೂ ಔಷಧದ ವಿಷದ್ದು ಎನ್ನಬಹುದಾದ ಹಾನಿ ಕಂಡಿತು. ಕಿಡ್ನಿ ಉಳಿಸುವ ಮಾತ್ರೆಯೇ ಕಿಡ್ನಿ ತಿನ್ನುತ್ತದೆ ಎಂಬ ಮಾತು ಹಬ್ಬಿತು. ಡೋಸ್ ಇಳಿಸಿ ಎಂಬ ಗಾಳಿ ಬೀಸಿತು. 2007ರ ಸಿಂಫನಿ ಪ್ರಯೋಗ 1,645 ರೋಗಿಗಳನ್ನು ನೋಡಿ, ಮೈಕೋಫಿನೊಲೇಟ್ ಎಂಬ ಇನ್ನೊಂದು ರಿಜೆಕ್ಷನ್ ತಡೆಯುವ ಔಷಧ ಮತ್ತು ಸ್ಟೀರಾಯ್ಡ್ ಜೊತೆ ಕಡಿಮೆ ಪ್ರಮಾಣದ ಟ್ಯಾಕ್ರೋಲಿಮಸ್ ಒಳ್ಳೆಯದು ಎಂದಿತು. ಇಂದಿಗೂ ಹೆಚ್ಚಿನವರ ಚೀಟಿಯಲ್ಲಿ ಇರುವುದು ಇದೇ ಜೋಡಣೆ.

2012ರಲ್ಲಿ ಕೆನಡಾದ ಎಡ್ಮಂಟನ್ ತಂಡ, ಮಾತ್ರೆಯೇ ಕಿಡ್ನಿ ತಿನ್ನುತ್ತದೆ ಎಂಬ ನಂಬಿಕೆಯನ್ನೇ ಅಲುಗಾಡಿಸಿತು. ಕೆಟ್ಟುಹೋದ ಕಿಡ್ನಿಗಳ ಕಾರಣವನ್ನು ಒಂದೊಂದಾಗಿ ಹುಡುಕಿದಾಗ ನೂರಕ್ಕೆ 64ರಲ್ಲಿ ಸಿಕ್ಕಿದ್ದು ರಿಜೆಕ್ಷನ್. ಉಳಿದವು ಹಳೆಯ ಕಾಯಿಲೆ ಮರುಕಳಿಸಿದ್ದು, ವೈರಸ್, ನಡುವೆ ಬಂದ ಬೇರೆ ತೊಂದರೆಗಳು. ಔಷಧದ ವಿಷ ಆ ಪಟ್ಟಿಯಲ್ಲೇ ಇರಲಿಲ್ಲ. ರಿಜೆಕ್ಷನ್ ಆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾತ್ರೆ ಸರಿಯಾಗಿ ತೆಗೆದುಕೊಳ್ಳದವರು ಎಂದು ಅವರ ಡಾಕ್ಟರುಗಳೇ ಬರೆದಿದ್ದರು. ಡೋಸ್ ತಪ್ಪಿದಾಗಲೆಲ್ಲ ದೇಹ ಆ ಕಿಡ್ನಿಯ ವಿರುದ್ಧ ಆಂಟಿಬಾಡಿ ಮಾಡಿಕೊಳ್ಳುವ ಅವಕಾಶ ಹೆಚ್ಚುತ್ತದೆ. ಅದು ನೋವಿಲ್ಲದೆ, ಸದ್ದಿಲ್ಲದೆ, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಕಿಡ್ನಿ ಸೋಲುತ್ತಿದೆ ಎಂದು ರಕ್ತಪರೀಕ್ಷೆಯಲ್ಲಿ ತೋರಿಸುವ ಕ್ರಿಯಾಟಿನಿನ್ ಏರುವ ಹೊತ್ತಿಗೆ ತಡವಾಗಿರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಫೈಲಿನಲ್ಲಿ ‘ಮಾತ್ರೆ ಬಿಟ್ಟಿದ್ದಾರೆ’ ಎಂದು ಬರೆಯುವುದು ಸುಲಭ. ಯಾಕೆ ಬಿಟ್ಟರು ಎಂದು ಕೇಳುವವರು ಕಡಿಮೆ. ಅಮೆರಿಕದ್ದೇ ಉದಾಹರಣೆ ನೋಡಿ. ಅಲ್ಲಿನ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಯೋಜನೆ ಡಯಾಲಿಸಿಸ್‌ಗೂ ಕಸಿಗೂ ದುಡ್ಡು ಕೊಡುತ್ತಿತ್ತು. ಆದರೆ 65 ವರ್ಷ ತುಂಬದ, ಬೇರೆ ಅಂಗವೈಕಲ್ಯ ಇಲ್ಲದವರಿಗೆ ಕಸಿಯಾದ 36 ತಿಂಗಳಿಗೆ ಮಾತ್ರೆಯ ನೆರವು ನಿಂತುಹೋಗುತ್ತಿತ್ತು. ಮಾತ್ರೆ ಕೊಳ್ಳಲಾಗದೆ ಕಿಡ್ನಿ ಕಳೆದುಕೊಂಡವರ ಡಯಾಲಿಸಿಸ್ ಖರ್ಚನ್ನು ಮತ್ತೆ ಅದೇ ಯೋಜನೆ ಹೊರುತ್ತಿತ್ತು. ಇದು ಬದಲಾಗಲು 2020ರ ಡಿಸೆಂಬರ್‌ನ ಕಾನೂನು ಬೇಕಾಯಿತು, ಜಾರಿಗೆ ಬಂದಿದ್ದು 2023ರ ಜನವರಿಯಲ್ಲಿ.

ನಮ್ಮಲ್ಲಿ ಗೋಜಲು ಇನ್ನೂ ಜಾಸ್ತಿ. ಆಪರೇಷನ್ನಿಗೆ ಸರ್ಕಾರದ ನೆರವು ಸಿಕ್ಕವರಿಗೂ ಮಾತ್ರೆಯ ಖರ್ಚು ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ರಕ್ತದಲ್ಲಿ ಔಷಧ ಎಷ್ಟಿದೆ ಎಂದು ನೋಡುವ ಲೆವೆಲ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಟ್ಯಾಕ್ರೋಲಿಮಸ್ ಸಾಮಾನ್ಯವಾಗಿ 12 ಗಂಟೆಗೊಮ್ಮೆ ನುಂಗುವ ಔಷಧ. ಪರೀಕ್ಷೆಯ ದಿನ ಬೆಳಗಿನ ಮಾತ್ರೆಗೆ ಮುಂಚೆಯೇ ರಕ್ತ ಕೊಡಬೇಕು. ಬೀದರ್‌ನಿಂದಲೋ ಕಾರವಾರದಿಂದಲೋ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದವರು, ಹೊತ್ತಾಯಿತಲ್ಲ ಅಂತ ಬಸ್ಸಿಳಿಯುವ ಮೊದಲೇ ನುಂಗಿಬಿಟ್ಟರೆ ರಿಪೋರ್ಟಿನಲ್ಲಿ ಲೆವೆಲ್ ಜಾಸ್ತಿ ಬರುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ಮುಂದಿನ ಅಪಾಯಕ್ಕೆ ದಾರಿಯಾಯಿತು. ಚಕ್ಕೋತ ತಿಂದರೂ ಲೆವೆಲ್ ಏರಬಹುದು. ಟಿಬಿ ಬಂದರಂತೂ ಬೇರೆಯೇ ಕಥೆ. ಕಸಿಯಾದವರಿಗೆ ಟಿಬಿ ತಗಲುವುದು ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಎಷ್ಟೋ ಪಟ್ಟು ಹೆಚ್ಚು. ಅದರ ಮುಖ್ಯ ಔಷಧ ರಿಫಾಂಪಿಸಿನ್ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಪಾತಾಳಕ್ಕೆ ಇಳಿಸುತ್ತದೆ. ಕಸಿಯಾಗಿದೆ ಎಂಬ ವಿಷಯ ಊರಿನ ಟಿಬಿ ಚಿಕಿತ್ಸಾ ಕೇಂದ್ರಕ್ಕೆ ತಿಳಿಯಲೇಬೇಕು, ಅಲ್ವಾ? ಅದನ್ನು ತಿಳಿಸುವ ಭಾರವೂ ಸಾಮಾನ್ಯವಾಗಿ ರೋಗಿಯ ಮೇಲೆಯೇ ಬೀಳುತ್ತದೆ.

ದಾನಿಗಳ ಬಗ್ಗೆಯೂ ಸಂಶೋಧನೆ ನಡೆದಿದೆ. 2014ರಲ್ಲಿ ಅಮೆರಿಕದ 96,000ಕ್ಕೂ ಹೆಚ್ಚು ದಾನಿಗಳ ಲೆಕ್ಕ ಬಂತು. 15 ವರ್ಷದಲ್ಲಿ ಕಿಡ್ನಿ ವೈಫಲ್ಯ ಆದವರು ಹತ್ತು ಸಾವಿರಕ್ಕೆ ಸುಮಾರು 31. ದಾನ ಮಾಡದ, ಅಷ್ಟೇ ಆರೋಗ್ಯವಂತರಲ್ಲಿ ಸುಮಾರು 4. ಅಪಾಯ ಸಣ್ಣದು, ಆದರೆ ಇದೆ. ನಮ್ಮಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ತಾಯಂದಿರು, ಹೆಂಡತಿಯರು. ಹೊಲಿಗೆ ಒಣಗಿದ ಮೇಲೆ ಅವರ ಬಿಪಿ ನೋಡಿಸುವುದು ಎಷ್ಟೋ ಮನೆಗಳಲ್ಲಿ ಮರೆತೇ ಹೋಗುತ್ತದೆ.

ಹಾಗಾದರೆ ಎಷ್ಟು ವರ್ಷ? ಅಮೆರಿಕದಲ್ಲಿ 2014–17ರ ಕಸಿಗಳಲ್ಲಿ ಅರ್ಧದಷ್ಟು ಕಿಡ್ನಿಗಳು ಮೃತ ದಾನಿಯದ್ದಾದರೆ 11.7 ವರ್ಷ, ಜೀವಂತ ದಾನಿಯದ್ದಾದರೆ 19.2 ವರ್ಷ ಬರುತ್ತವೆ ಎಂಬ ಅಂದಾಜಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಇವು 8.2 ಮತ್ತು 12.1 ಇದ್ದವು. ಅಂದರೆ ನಿಧಾನವಾಗಿಯಾದರೂ ಸುಧಾರಿಸಿದೆ. ನಮ್ಮಲ್ಲಿ ಸಿಗುವ ದೀರ್ಘಾವಧಿಯ ಲೆಕ್ಕ ಹೆಚ್ಚಾಗಿ ಒಂದೊಂದು ಆಸ್ಪತ್ರೆಯದ್ದು. ಅದರಲ್ಲಿ ‘ಫಾಲೋಅಪ್‌ಗೆ ಬಾರದವರು’ ಎಂಬ ಸಾಲೊಂದು ಇರುತ್ತದೆ. ದುಡ್ಡಿಲ್ಲದೆ ಮಾತ್ರೆ ನಿಲ್ಲಿಸಿ ಊರಲ್ಲೇ ಉಳಿದವರು ಆ ಸಾಲಿಗೆ ಸೇರಿಬಿಟ್ಟರೆ, ಅವರು ಕಳೆದುಕೊಂಡ ಕಿಡ್ನಿ ಸೋಲಿನ ಲೆಕ್ಕಕ್ಕೆ ಬರುವುದೇ ಇಲ್ಲ. ಹತ್ತು ವರ್ಷದ ಫಲಿತಾಂಶ ಓದುವವರು ಆ ಸಾಲಿನ ಸಂಖ್ಯೆಯನ್ನು ಮೊದಲು ನೋಡಬೇಕು.