ಡ್ರೈವ್‌ವೇ ಸ್ನೋ ತೆಗೆಯೋಕೆ ಎಟಿವಿನಾ, ಸಣ್ಣ ಟ್ರ್ಯಾಕ್ಟರಾ?

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಾಚೆ ಮನೆ ತಗೊಂಡಿದ್ದೇವೆ. ರಸ್ತೆಯಿಂದ ಗ್ಯಾರೇಜ್ ತನಕದ ಡ್ರೈವ್‌ವೇ 250 ಅಡಿ ಉದ್ದ, 12 ಅಡಿ ಅಗಲ, ಪೂರ್ತಿ ಜಲ್ಲಿ. ಸ್ನೋ ತೆಗೆಯೋಕೆ ಯಾವ ಗಾಡಿ ತಗೊಳ್ಳಲಿ?

ಎಲ್ಲರೂ ಹಾರ್ಸ್‌ಪವರ್‌ನಿಂದ ಶುರು ಮಾಡುತ್ತಾರೆ. ಅದನ್ನು ಆಮೇಲೆ ನೋಡೋಣ. ಮೊದಲು ಹೇಳಿ, ತೆಗೆದ ಸ್ನೋನ ಎಲ್ಲಿ ಹಾಕುತ್ತೀರಿ?

ಯಾಕೆ ಕೇಳಿದೆ ಅಂದರೆ, ನಿಮ್ಮ ಡ್ರೈವ್‌ವೇ ಮೇಲೆ ಅರ್ಧ ಅಡಿ ಸ್ನೋ ಬಿದ್ದರೆ, ಅದು ಹತ್ತಿಯ ಹಾಗೆ ಹಗುರ ಇದ್ದರೂ ಸುಮಾರು 4 ಟನ್ ಆಗುತ್ತದೆ. ನೀರು ಕುಡಿದ ಸ್ನೋ ಆದರೆ ಅದರ ಮೂರು ಪಟ್ಟು. ಸಿರಕ್ಯೂಸ್‌ನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 10 ಅಡಿ ಬೀಳುತ್ತದೆ. ಒಂಟಾರಿಯೊ ಸರೋವರ ಹೆಚ್ಚುಕಮ್ಮಿ ಹೆಪ್ಪುಗಟ್ಟುವುದೇ ಇಲ್ಲ, ಅದರ ಮೇಲೆ ಬೀಸುವ ತಣ್ಣನೆ ಗಾಳಿ ನೀರು ಹೀರಿಕೊಂಡು ಬಂದು ನಮ್ಮ ಅಂಗಳದಲ್ಲಿ ಸುರಿಯುತ್ತದೆ. ಒಂದು ಸಲದ್ದು ಕರಗುವ ಮೊದಲೇ ಇನ್ನೊಂದು ಸಲ.

ಎಟಿವಿ ಅಂದರೆ ದಪ್ಪ ಟೈರಿನ, ನಾಲ್ಕು ಚಕ್ರದ ಬೈಕ್ ಥರದ ಗಾಡಿ. ಅದರ ಮುಂದೆ ಕಟ್ಟುವ ಪ್ಲೋ, ಅಂದರೆ ಅಗಲವಾದ ಹಲಗೆ, ಸ್ನೋನ ಪಕ್ಕಕ್ಕೆ ತಳ್ಳುತ್ತದೆ, ಅಷ್ಟೇ. ಟ್ರ್ಯಾಕ್ಟರ್‌ಗೆ ಕಟ್ಟುವ ಬ್ಲೋವರ್ ಅದನ್ನು ಎತ್ತಿ ದೂರ ಎಸೆಯುತ್ತದೆ. ಈ ವ್ಯತ್ಯಾಸ ನನಗೆ ಗೊತ್ತಾಗಿದ್ದು ಫೆಬ್ರವರಿಯಲ್ಲಿ. ಮೊದಲ ವರ್ಷ ಹಳೇ 500 ಸಿಸಿ ಎಟಿವಿ ತಂದು, 60 ಇಂಚಿನ ಪ್ಲೋ ಕಟ್ಟಿ, ಡಿಸೆಂಬರ್ ಪೂರ್ತಿ ರಾಜನ ಹಾಗೆ ಓಡಾಡಿದೆ. ಮಜಾ ಬಂತು, ಸುಳ್ಳು ಹೇಳಲ್ಲ. ಆದರೆ ಪ್ರತಿ ಸಲ ಅಂಚಿನವರೆಗೆ ಮಾತ್ರ ತಳ್ಳುತ್ತಿದ್ದೆ. ಆ ಗುಡ್ಡೆ ರಾತ್ರಿ ಕಳೆಯುವುದರೊಳಗೆ ಕಲ್ಲಾಗುತ್ತಿತ್ತು, ಮುಂದಿನ ಸಲ ಅದರ ಈಚೆಗೆ ಇನ್ನೊಂದು ಗುಡ್ಡೆ. ಹೀಗೆ ಎರಡೂ ಕಡೆಯಿಂದ ದಾರಿ ಕಿರಿದಾಗುತ್ತಾ ಬಂದು, ಕೊನೆಗೆ ಕಾರಿನ ಬಾಗಿಲು ಸ್ನೋ ಗೋಡೆಗೆ ತಾಗುತ್ತಿತ್ತು. ಗ್ಯಾರೇಜ್ ತನಕ ಹೋಗದೆ ಯಾರೂ ಇಳಿಯುವ ಹಾಗಿರಲಿಲ್ಲ.

ಹಾಗಂತ ಎಟಿವಿ ಬೇಡ ಅನ್ನುತ್ತಿಲ್ಲ. ಡ್ರೈವ್‌ವೇ ಎರಡೂ ಪಕ್ಕ ಬಯಲಿದ್ದರೆ ಅದೇ ಸಾಕು. ಫೋರ್ ವೀಲ್ ಡ್ರೈವ್ ಇರಲೇಬೇಕು. ಲೋ ಗೇರ್‌ನಲ್ಲೇ ತಳ್ಳಿ, ಹೈನಲ್ಲಿ ತಳ್ಳಿದರೆ ಬೆಲ್ಟ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬೆಲ್ಟೇ ಹೋಗುತ್ತದೆ. ಪ್ಲೋ ಓರೆ ಮಾಡಿದಾಗ 60 ಇಂಚು 52ಕ್ಕೆ ಇಳಿಯುತ್ತದೆ, ಅದಕ್ಕಿಂತ ಚಿಕ್ಕದು ತಗೊಂಡರೆ ಹಿಂದಿನ ಚಕ್ರ ತೆಗೆಯದ ಸ್ನೋ ಮೇಲೇ ಓಡುತ್ತದೆ. ಮೊದಲ ಸ್ನೋನ ಅಂಚಿನಿಂದ ನಾಲ್ಕೈದು ಅಡಿ ಆಚೆಗೇ ತಳ್ಳಿಬಿಡಿ, ಜನವರಿಗೆ ಜಾಗ ಬೇಕಲ್ವಾ. ಇನ್ನೊಂದು ತೊಂದರೆ ಗ್ಯಾರೇಜ್ ಬಾಗಿಲ ಮುಂದೆ: ಅಲ್ಲಿಂದ ಹಿಂದಕ್ಕೆ ಎಳೆಯಬೇಕು, ಆದರೆ ಎಟಿವಿ ಮುಂದಿನ ವಿಂಚ್ (ಹಗ್ಗ ಸುತ್ತಿ ಎಳೆಯುವ ಮೋಟಾರು) ಪ್ಲೋನ ಎತ್ತುತ್ತದೆ, ಕೆಳಗೆ ಒತ್ತುವುದಿಲ್ಲ. ಅಷ್ಟನ್ನು ಸಲಿಕೆಯಲ್ಲೇ ತೆಗೆಯಬೇಕು.

ಮನೆಯಲ್ಲಿರುವ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್‌ಗೇ ಪ್ಲೋ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಊರೊಳಗಿನ ಸಣ್ಣ, ಸಮತಟ್ಟಾದ ಡ್ರೈವ್‌ವೇಗೆ, ಚಕ್ರಕ್ಕೆ ಸರಪಳಿ ಮತ್ತು ಹಿಂದೆ ಭಾರ ಕಟ್ಟಿಕೊಂಡು ಹಾಕಬಹುದು. ನಿಮಗೆ ಬೇಡ.

ಪಕ್ಕದಲ್ಲಿ ಬೇಲಿ, ಮರ, ಇಳಿಜಾರು ಇದ್ದರೆ, ಅಥವಾ ದುಡ್ಡಿಗೆ ಕೊರತೆ ಇಲ್ಲದಿದ್ದರೆ, 20-25 ಹಾರ್ಸ್‌ಪವರ್‌ನ ಸಣ್ಣ ಡೀಸೆಲ್ ಟ್ರ್ಯಾಕ್ಟರ್ ನೋಡಿ. ಕುಬೋಟಾ, ಜಾನ್ ಡೀರ್, ನಮ್ಮ ಮಹೀಂದ್ರಾ, ಮೂರೂ ಇಲ್ಲಿ ಸಿಗುತ್ತವೆ. ಊರಲ್ಲಿ ನಿಮ್ಮಪ್ಪ ಗದ್ದೆಗೆ ರೋಟವೇಟರ್ ಓಡಿಸಿದ್ದರೆ ಅರ್ಧ ಪಾಠ ಮುಗಿದ ಹಾಗೆ: ಅದೇ 540 ಆರ್‌ಪಿಎಂ ಪಿಟಿಒ (ಎಂಜಿನ್ ಶಕ್ತಿಯಿಂದ ಉಪಕರಣ ತಿರುಗಿಸುವ ದಂಡ), ಹಿಂದೆ ರೋಟವೇಟರ್ ಬದಲು ಬ್ಲೋವರ್. ಆದರೆ ಹಿಂದೆ ಕಟ್ಟಿದರೆ ಕತ್ತು ತಿರುಗಿಸಿಕೊಂಡು ರಿವರ್ಸ್‌ನಲ್ಲೇ ಹೋಗಬೇಕು. 250 ಅಡಿ ಹಾಗೆ ಹೋದರೆ ಮರುದಿನ ಕತ್ತು ಅಲ್ಲಾಡದು. ಮುಂದೆ ಕಟ್ಟುವ ಬ್ಲೋವರ್‌ಗೆ ಬೆಲೆ ಜಾಸ್ತಿ, ಆದರೂ ಅದನ್ನೇ ತಗೊಳ್ಳಿ. ಚಳಿಗಾಲದ ಡೀಸೆಲ್ಲೇ ಹಾಕಿಸಿ, ಬೇಸಿಗೆಯದು ಉಳಿದಿದ್ದರೆ ಕೊಬ್ಬರಿ ಎಣ್ಣೆ ಥರ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಬ್ಲೋವರ್‌ಗೆ ಏನಾದರೂ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ಕೋಲಿನಿಂದಲೇ ಬಿಡಿಸಿ. ಯಾವತ್ತೂ ಕೈ ಹಾಕಬೇಡಿ.

ಇಷ್ಟೆಲ್ಲ ಆದ ಮೇಲೆ ರಸ್ತೆಯ ಪ್ಲೋ ಲಾರಿ ಬಂದು ನಿಮ್ಮ ಡ್ರೈವ್‌ವೇ ಬಾಯಿಗೇ ಎರಡಡಿ ಗುಡ್ಡೆ ಬಿಟ್ಟು ಹೋಗುತ್ತದೆ. ಉಪ್ಪು, ಮಂಜುಗಡ್ಡೆ, ಕೆಸರು ಎಲ್ಲ ಸೇರಿದ್ದು. ಅದನ್ನು ಬೆಳಿಗ್ಗೆಗೆ ಅಂತ ಬಿಡಬೇಡಿ, ಗಟ್ಟಿಯಾದರೆ ಅದು ಎಟಿವಿಗೆ ಜಗ್ಗುವುದಿಲ್ಲ. ಸಿಟ್ಟಲ್ಲಿ ರಸ್ತೆಗೆ ವಾಪಸ್ ತಳ್ಳಲೂಬೇಡಿ, ನ್ಯೂಯಾರ್ಕ್‌ನಲ್ಲಿ ಅದು ಕಾನೂನಿಗೆ ವಿರುದ್ಧ.

ಜಲ್ಲಿ ಅಂದಿರಲ್ಲ, ಯಾವ ಗಾಡಿಯಾದರೂ ಪ್ಲೋ ಅಥವಾ ಬ್ಲೋವರ್ ಕೆಳಗಿನ ಕಬ್ಬಿಣದ ಪಾದಗಳನ್ನು ಇಳಿಸಿ, ಅಂಚು ನೆಲದಿಂದ ಒಂದು ಇಂಚು ಮೇಲೆ ಇರಲಿ. ನೆಲ ಗಟ್ಟಿಯಾಗುವ ಮೊದಲು, ನವೆಂಬರ್ ಒಳಗೆ, ಎರಡೂ ಅಂಚಿಗೆ ಬಣ್ಣದ ಕೋಲು ನೆಡಿ. ನಾನು ಎರಡೂ ಮಾಡಿರಲಿಲ್ಲ. ಏಪ್ರಿಲ್‌ನಲ್ಲಿ ಸ್ನೋ ಕರಗಿದಾಗ ಅರ್ಧ ಡ್ರೈವ್‌ವೇ ಹುಲ್ಲಿನ ಮೇಲಿತ್ತು, ಎರಡು ಶನಿವಾರ ಕೂತು ಜಲ್ಲಿ ಆರಿಸಿದೆ.