ಕಾಲು ಅಂದರೆ ಹಾಲು ಕೇಳಿಸಿದ ರಾತ್ರಿ

ಕಳೆದ ಆಟಿ ತಿಂಗಳಲ್ಲಿ ನಮ್ಮ ಮಾವ ತೋಟದ ಇಳಿಜಾರಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೊಡಗಿನ ಸುಂಟಿಕೊಪ್ಪದ ಕಡೆಯ ಎಸ್ಟೇಟೊಂದರಲ್ಲಿ ರೈಟರಾಗಿದ್ದವರು, ಆಳುಗಳ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಲೆಕ್ಕವನ್ನು ಇವತ್ತಿಗೂ ಬಾಯಲ್ಲೇ ಹೇಳುವವರು. ಆಸ್ಪತ್ರೆಗೆ ಸೇರಿಸುವ ಗಡಿಬಿಡಿಯಲ್ಲಿ ಉಂಗುರ, ವಾಚಿನ ಜೊತೆಗೆ ಕಿವಿ ಮಿಷನ್ನನ್ನೂ ಬಿಚ್ಚಿ ಅತ್ತೆಯ ಬ್ಯಾಗಿಗೆ ಹಾಕಿಬಿಟ್ಟೆವು. ಕಳೆದುಹೋದೀತೆಂಬ ಭಯ.

ರಾತ್ರಿ ನರ್ಸ್ ಬಂದು "ಕಾಲು ನೋವಾ ಅಜ್ಜ?" ಎಂದು ಕೇಳಿದರೆ ಮಾವ "ಹಾಲು ಬೇಡಮ್ಮ" ಎಂದರು. ಇವತ್ತು ಯಾವ ವಾರ ಎಂದರೆ ಊರಿನ ಹೆಸರು ಹೇಳಿದರು. ಬೆಳಗಾಗುವಷ್ಟರಲ್ಲಿ ಅವರ ಕೇಸ್ ಶೀಟಿನಲ್ಲಿ 'ಗೊಂದಲವಿದೆ' ಎಂದು ಬರೆದಾಗಿತ್ತು.

ವಯಸ್ಸಾದಂತೆ ಒಳಕಿವಿಯಲ್ಲಿ ಮೊದಲು ಸವೆಯುವುದು ಕೀರಲು ಸದ್ದುಗಳನ್ನು ಹಿಡಿಯುವ ರೋಮಕೋಶಗಳು. ಆ, ಉ, ಲ ಮುಂತಾದವು ತಗ್ಗು ಕಂಪನದವು, ಕೇಳಿಸುತ್ತವೆ. ಕ, ತ, ಸ ಎಂದು ಗುರುತು ಸಿಗುವುದು ಹೆಚ್ಚಾಗಿ 2000 ಹರ್ಟ್ಸ್‌ಗಿಂತ ಮೇಲಿನ ಸದ್ದಿನಿಂದ. ಅದು ಹೋದರೆ ಉಳಿಯುವುದು 'ಆಲು' ಮಾತ್ರ, ಮೊದಲ ಅಕ್ಷರವನ್ನು ಮನಸ್ಸು ಊಹಿಸಿ ತುಂಬಿಕೊಳ್ಳುತ್ತದೆ. ಮಾಸ್ಕ್ ಇದೇ ಮೇಲಿನ ಸದ್ದನ್ನು ಇನ್ನಷ್ಟು ತಗ್ಗಿಸುತ್ತದೆ, ತುಟಿಯನ್ನೂ ಮರೆಮಾಡುತ್ತದೆ. ಮಾವನಿಗೆ ಎಡಗಿವಿ ಹೆಚ್ಚು ಮಂದ. ಬಲಭುಜಕ್ಕೆ ಕೋವಿ ಇಟ್ಟು ಹೊಡೆದವರಲ್ಲಿ ಇದು ಸಾಮಾನ್ಯ: ಎಡಗಿವಿ ನಳಿಗೆಯ ಬಾಯಿಯತ್ತ ತಿರುಗಿರುತ್ತದೆ, ಬಲಗಿವಿಗೆ ತಲೆಯೇ ಮರೆ. ಕೋವಿ ಮನೆಯ ವಸ್ತುವಾಗಿರುವ ಕೊಡಗಿನಲ್ಲಿ ಹಿರಿಯರನ್ನು ಯಾವ ಪಕ್ಕದಿಂದ ಮಾತಾಡಿಸಬೇಕೆಂದು ನರ್ಸ್‌ಗೆ ಹೇಳಿಡುವುದು ಒಳ್ಳೆಯದು.

ಆಸ್ಪತ್ರೆಯಲ್ಲಿ ಹಿರಿಯರಿಗೆ ಹಠಾತ್ತನೆ ಬರುವ ಮತಿಗೊಂದಲಕ್ಕೆ ಡೆಲಿರಿಯಂ ಎನ್ನುತ್ತಾರೆ. ಕಿವುಡು ಹಾಗೆ ಕಾಣಿಸುವುದಷ್ಟೇ ಅಲ್ಲ, ಅದು ಬರಲೂ ಒಂದು ಕಾರಣ. ಅಮೆರಿಕದ ಯೇಲ್‌ನಲ್ಲಿ 70 ದಾಟಿದ 852 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿನವರ ನಿದ್ದೆ, ನೀರು, ಓಡಾಟ, ಕನ್ನಡಕದ ಜೊತೆಗೆ ಶ್ರವಣವನ್ನೂ ನೋಡಿಕೊಂಡರು. ಎಂದಿನ ಆರೈಕೆಯವರಲ್ಲಿ ಶೇ. 15 ಇದ್ದ ಡೆಲಿರಿಯಂ ಇವರಲ್ಲಿ ಶೇ. 9.9ಕ್ಕೆ ಇಳಿಯಿತು. ಔಷಧಿಯಿಂದಲ್ಲ, ಇಂಥ ಆರೈಕೆಯಿಂದ.

ಬ್ಯಾಗಿನಿಂದ ಮಿಷನ್ ತೆಗೆದರೆ ಸತ್ತಿತ್ತು. ಸೆಲ್ಲಿನ ಬಾಗಿಲು ತೆರೆದು ಆಫ್ ಮಾಡದೆ ಹಾಗೇ ಹಾಕಿದ್ದೆವು. ಇದರ ಸೆಲ್ ಗಾಳಿ ಕುಡಿದು ನಡೆಯುವಂಥದ್ದು. ಕಿತ್ತಳೆ ಬಣ್ಣದ ಸ್ಟಿಕ್ಕರ್ ಕಿತ್ತರೆ ಸಾಸಿವೆಗಿಂತ ಚಿಕ್ಕ ತೂತುಗಳು ಕಾಣುತ್ತವೆ. ಅಲ್ಲಿಂದ ಆಮ್ಲಜನಕ ಒಳಹೋಗಿ ಸತುವಿನೊಡನೆ ಸೇರಿದಾಗಲೇ ವಿದ್ಯುತ್ತು. ಅದಕ್ಕೇ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಕಾದು ಹಾಕಬೇಕು. ಇದನ್ನು ಗುಳಿಗೆಗಳ ಪಕ್ಕ ಮಾತ್ರ ಇಡಬೇಡಿ. ಮಂಜುಗಣ್ಣಿನವರು ಮಾತ್ರೆಯೆಂದು ನುಂಗಿಬಿಡುತ್ತಾರೆ, ಅನ್ನನಾಳ ಸುಡಬಹುದು.

ನಮ್ಮ ಮಳೆಗಾಲದ ತೇವ ಸಾಧನದ ಸಣ್ಣ ಕೊಳವೆಯಲ್ಲಿ ಹನಿಗಟ್ಟಿ ಸದ್ದನ್ನು ಅಡ್ಡಗಟ್ಟುತ್ತದೆ. ರಾತ್ರಿ ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ, ಹೆಸರು ಬರೆದ ಗಟ್ಟಿ ಡಬ್ಬಿ. ಟಿಶ್ಯೂನಲ್ಲಿ ಸುತ್ತಿದ್ದು ಊಟದ ತಟ್ಟೆಯ ಜೊತೆ ಕಸಕ್ಕೆ ಹೋಗುತ್ತದೆ, ದಿಂಬಿನ ಬಳಿ ಇಟ್ಟದ್ದು ಬಟ್ಟೆಯೊಂದಿಗೆ ಲಾಂಡ್ರಿಗೆ. ಕೆಂಪು ಗುರುತು ಬಲಗಿವಿಗೆ, ನೀಲಿ ಎಡಕ್ಕೆ. ದಿಂಬಿಗೆ ಒರಗಿದಾಗ ಕುಂಯ್ ಎಂದರೆ ಕೆಟ್ಟಿದೆ ಎಂದಲ್ಲ, ಹೊರಸೋರಿದ ಸದ್ದು ಮೈಕಿಗೆ ಮರಳಿದೆ ಅಷ್ಟೆ.

ಎಂಆರ್‌ಐ ಕೋಣೆಗೆ ಮಾತ್ರ ಸಾಧನ ಹೋಗಲೇಬಾರದು. ಅಲ್ಲಿನ ಕಾಂತದ ಬಲ 1.5 ಟೆಸ್ಲಾ ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30 ಸಾವಿರ ಪಟ್ಟು. ಒಳಗೆ ಮೈಕಿನಲ್ಲಿ ಹೇಳುವುದು ಮಾವನಿಗೆ ಕೇಳಿಸದು, ಆದ್ದರಿಂದ ಕೈಸನ್ನೆಗಳನ್ನು ಬಾಗಿಲಲ್ಲೇ ಹೇಳಿಕೊಟ್ಟು ಮಿಷನ್ ಬಿಚ್ಚಿಕೊಂಡೆ. ಆಪರೇಷನ್‌ಗೆ ಕರೆದೊಯ್ಯುವಾಗ ಅರಿವಳಿಕೆ ವೈದ್ಯರನ್ನೇ ಕೇಳಿದೆ. ಬೆನ್ನಿಗೆ ಚುಚ್ಚುತ್ತೇವೆ, ಎಚ್ಚರವಿರುತ್ತಾರೆ, ಬಲಗಿವಿಯದ್ದು ಇರಲಿ ಎಂದರು. ವಾರ್ಡಿಗೆ ಮರಳಿದ ಮೇಲೆ ಅದೇ ನರ್ಸ್ ಬಲಪಕ್ಕಕ್ಕೆ ಬಂದು ನಿಂತು ಕೇಳಿದರು, "ಕಾಲು ನೋವಾ ಅಜ್ಜ?" "ಎಡದ್ದು, ಮಂಡಿಯಿಂದ ಮೇಲೆ" ಎಂದರು ಮಾವ.