ಟವರ್ ಅಲ್ಲೇ ನಿಂತಿತ್ತು, ಲಾಭ ಮಾತ್ರ ಏರಿಳಿಯಿತು

ಮೊಬೈಲ್ ಟವರ್ ಕಂಪನಿಯ ಆಡಿಟ್‌ಗೆ ಹೋದರೆ ನಾನು ಮೊದಲು ಕೇಳುವುದು ಸ್ಥಿರಾಸ್ತಿ ರಿಜಿಸ್ಟರ್, ಅಂದರೆ ಕಂಬ, ಬ್ಯಾಟರಿ, ಜನರೇಟರ್ ಎಲ್ಲದರ ಪಟ್ಟಿ. ಅದನ್ನು ಹಿಡಿದು ಟವರ್ ನಿಂತ ಒಂದಷ್ಟು ಜಾಗ ಸುತ್ತಬೇಕು. ಒಮ್ಮೆ ಒಬ್ಬರ ಮನೆಯ ತಾರಸಿ ಹತ್ತಿದೆ. ರಿಜಿಸ್ಟರ್‌ನಲ್ಲಿ ಎರಡು ಬ್ಯಾಟರಿ ಬ್ಯಾಂಕ್, ಅಲ್ಲಿದ್ದದ್ದು ಒಂದೇ. ಇನ್ನೊಂದರ ಜಾಗದಲ್ಲಿ ಖಾಲಿ ಸ್ಟ್ಯಾಂಡ್, ಕತ್ತರಿಸಿದ ಕೇಬಲ್ ತುದಿ. ಕಳುವಾಗಿ ಎಂಟು ತಿಂಗಳಾಗಿತ್ತಂತೆ. ಲೆಕ್ಕದಲ್ಲಿ ಮಾತ್ರ ಆ ಇಲ್ಲದ ಬ್ಯಾಟರಿಗೆ ತಿಂಗಳು ತಿಂಗಳೂ ಸವಕಳಿ (ಆಸ್ತಿಯ ಬೆಲೆಯನ್ನು ಅದರ ಆಯಸ್ಸಿಗೆ ಹಂಚಿ ಬರೆಯುವ ಖರ್ಚು) ಬೀಳುತ್ತಲೇ ಇತ್ತು.

ಟವರ್ ಅಂದರೆ ಒಂದೇ ಆಸ್ತಿಯಲ್ಲ. ಉಕ್ಕಿನ ಕಂಬ ದಶಕಗಟ್ಟಲೆ ನಿಲ್ಲುತ್ತದೆ, ಬ್ಯಾಟರಿ ಕೆಲವೇ ವರ್ಷ ಬಾಳುತ್ತದೆ, ಡೀಸೆಲ್ ಜನರೇಟರ್ ಎಷ್ಟು ಗಂಟೆ ಓಡಿದೆ ಅನ್ನುವುದರ ಮೇಲೆ ಸವೆಯುತ್ತದೆ. ಹಾಗಾಗಿ ಸವಕಳಿಯನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು. ಎಲ್ಲವನ್ನೂ ಕಂಬದ ಆಯಸ್ಸಿಗೇ ಕಟ್ಟಿಬಿಟ್ಟರೆ ಇವತ್ತು ಲಾಭ ಜಾಸ್ತಿ ಕಾಣುತ್ತದೆ, ಬ್ಯಾಟರಿ ಸತ್ತ ವರ್ಷ ಒಮ್ಮೆಲೇ ಪೆಟ್ಟು ಬೀಳುತ್ತದೆ.

ಕಂಬ ನಿಂತ ಜಾಗ ಸಾಮಾನ್ಯವಾಗಿ ಕಂಪನಿಯದ್ದಲ್ಲ, ಬಾಡಿಗೆಯದ್ದು. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 116 ಎಂಬ ಬಾಡಿಗೆ ಒಪ್ಪಂದಗಳ ಲೆಕ್ಕದ ನಿಯಮದ ಪ್ರಕಾರ, ಮುಂದಿನ ವರ್ಷಗಳ ಬಾಡಿಗೆಯ ಇವತ್ತಿನ ಬೆಲೆ ಒಂದು ಕಡೆ ಆಸ್ತಿಯಾಗಿ, ಇನ್ನೊಂದು ಕಡೆ ಸಾಲವಾಗಿ ಕೂರುತ್ತದೆ. ಬಾಡಿಗೆ ಖರ್ಚು ಸವಕಳಿ ಮತ್ತು ಬಡ್ಡಿಯ ಸಾಲಿಗೆ ಜಾರುವುದರಿಂದ ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ, ದೊಡ್ಡದಾಗಿ ಕಾಣುತ್ತದೆ. ಅದನ್ನು ನೋಡಿ ವ್ಯಾಪಾರ ಸುಧಾರಿಸಿತು ಅಂದುಕೊಳ್ಳಬೇಡಿ. ಒಪ್ಪಂದ ಮುಗಿದ ಮೇಲೆ ಟವರ್ ಬಿಚ್ಚಿ ತಾರಸಿ ಸರಿಮಾಡಿ ಕೊಡಬೇಕಲ್ವಾ, ಆ ಖರ್ಚನ್ನೂ ಅಂದಾಜು ಮಾಡಿ ಶುರುವಿನಲ್ಲೇ ಆಸ್ತಿಯ ಬೆಲೆಗೆ ಸೇರಿಸುತ್ತಾರೆ.

ಇಷ್ಟೆಲ್ಲಾ ಆದಮೇಲೂ ಟವರ್ ದುಡಿಯುವುದು ಅದರ ಮೇಲೆ ಬಾಡಿಗೆ ಕೊಟ್ಟು ಎಷ್ಟು ಆಪರೇಟರ್‌ಗಳಿದ್ದಾರೆ (ಮೊಬೈಲ್ ಸೇವೆ ಕೊಡುವ ಕಂಪನಿಗಳು) ಅನ್ನುವುದರಿಂದ. ಎರಡನೆಯವರು ಬಂದರೆ ಜಾಗದ ಬಾಡಿಗೆ ದುಪ್ಪಟ್ಟಾಗುವುದಿಲ್ಲ, ಕಂಬದ ಸವಕಳಿ ಅಷ್ಟೇ ಇರುತ್ತದೆ, ಕರೆಂಟು ಡೀಸೆಲ್ ಖರ್ಚು ಬಹುಪಾಲು ಆಪರೇಟರ್‌ಗಳಿಂದಲೇ ಬೇರೆಯಾಗಿ ಬರುತ್ತದೆ. ಅಂದರೆ ಆ ಎರಡನೆಯವರು ಕೊಡುವ ಬಾಡಿಗೆಯಲ್ಲಿ ದೊಡ್ಡ ಪಾಲು ನೇರ ಲಾಭಕ್ಕೇ ಹೋಗುತ್ತದೆ. ಒಬ್ಬರೇ ಇರುವ ಟವರ್‌ನಲ್ಲಿ ಉಳಿಯುವ ಲಾಭ ಕಡಿಮೆ.

ಆದರೆ ಬಾಡಿಗೆ ಕೈಗೆ ಬರಬೇಕು! ಇಂಡಸ್ ಟವರ್ಸ್ ನೋಡಿ. 2020ರ ನವೆಂಬರ್‌ನಲ್ಲಿ ಭಾರ್ತಿ ಇನ್‌ಫ್ರಾಟೆಲ್ ಜೊತೆ ಒಂದಾದ ಕಂಪನಿ, 2025ರ ಮಾರ್ಚ್ ಹೊತ್ತಿಗೆ ಹತ್ತಿರ ಹತ್ತಿರ 2.5 ಲಕ್ಷ ಟವರ್. 2022ರ ಡಿಸೆಂಬರ್ ತ್ರೈಮಾಸಿಕದಲ್ಲಿ ಸುಮಾರು 708 ಕೋಟಿ ರೂಪಾಯಿ ನಷ್ಟ. ಟವರ್ ಏನೂ ಬಿದ್ದಿರಲಿಲ್ಲ. ದೊಡ್ಡ ಗ್ರಾಹಕ ವೊಡಾಫೋನ್ ಐಡಿಯಾದ ಬಾಕಿ ಬರುವುದು ಅನುಮಾನವಾಗಿ 2,200 ಕೋಟಿಗೂ ಜಾಸ್ತಿ ಖರ್ಚಿನ ಲೆಕ್ಕಕ್ಕೆ ಬರೆದು ತೆಗೆದಿಡಬೇಕಾಯಿತು. ಸರಿಯಾಗಿ ಎರಡು ವರ್ಷದ ಮೇಲೆ, 2024ರ ಡಿಸೆಂಬರ್ ತ್ರೈಮಾಸಿಕದಲ್ಲಿ ಸುಮಾರು 4,003 ಕೋಟಿ ಲಾಭ! ಅದರ ಹಿಂದೆ ಹಳೆ ಬಾಕಿ ವಸೂಲಾಗಿ ಲಾಭಕ್ಕೆ ವಾಪಸ್ ಬರೆದ 3,000 ಕೋಟಿಗೂ ಮಿಕ್ಕಿದ ಮೊತ್ತವಿತ್ತು, ತೆರಿಗೆಗೆ ಮುಂಚಿನ ಲೆಕ್ಕದಲ್ಲಿ. ಅದು ಪ್ರತಿ ತ್ರೈಮಾಸಿಕವೂ ಬರುವ ದುಡ್ಡಲ್ಲ.

ಇಂಥ ಷೇರು ಇಟ್ಟುಕೊಂಡವರು ವಾರ್ಷಿಕ ವರದಿಯಲ್ಲಿ ಗ್ರಾಹಕರ ಬಾಕಿಯ ಟಿಪ್ಪಣಿ ತೆರೆಯಿರಿ. ಯಾವ ಬಾಕಿ ಆರು ತಿಂಗಳ ಒಳಗಿನದು, ಯಾವುದು ಮೂರು ವರ್ಷ ದಾಟಿದೆ ಅಂತ ವಯಸ್ಸಿನ ಪ್ರಕಾರ ಬಿಡಿಸಿ ತೋರಿಸುವುದು 2021ರ ಏಪ್ರಿಲ್‌ನಿಂದ ಕಡ್ಡಾಯ. ಒಂದೇ ಒಂದು ಕೋಷ್ಟಕ, ಐದು ನಿಮಿಷದ ಓದು.